ತೋಟ ಮಾರಬೇಕೆ, ಪೂರ್ತಿ ಸಾಲ ಮಾಡಬೇಕೆ? ಮಗಳ ಇಂಜಿನಿಯರಿಂಗ್ ಫೀ ಕಟ್ಟುವ ಲೆಕ್ಕ

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನವನು, ವಯಸ್ಸು 51. ಸಹಕಾರ ಸಂಘವೊಂದರಲ್ಲಿ ಗುಮಾಸ್ತ, 60ಕ್ಕೆ ನಿವೃತ್ತಿ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರು. ಇಬ್ಬರ ಸಂಬಳ ಸೇರಿ ವರ್ಷಕ್ಕೆ 6.2 ಲಕ್ಷ. ಎರಡು ಎಕರೆ ತೆಂಗಿನ ತೋಟದಿಂದ ಖರ್ಚು ಕಳೆದು 1.2 ಲಕ್ಷ ಉಳಿಯುತ್ತದೆ. ಬ್ಯಾಂಕಿನಲ್ಲಿ 7 ಲಕ್ಷದ ಎಫ್‌ಡಿ ಇದೆ, ಸೆಪ್ಟೆಂಬರ್‌ಗೆ ಅವಧಿ ಮುಗಿಯುತ್ತದೆ. ತಿಂಗಳಿಗೆ ಎಂಟು ಸಾವಿರದಷ್ಟು ಉಳಿತಾಯ. ಮಗಳಿಗೆ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಮೂಲಕ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ವರ್ಷಕ್ಕೆ ಫೀ 2.75 ಲಕ್ಷ, ಹಾಸ್ಟೆಲ್ಲಿಗೆ 1.2 ಲಕ್ಷ. ನಮ್ಮ ತಂದೆಯವರು ‘ಸಾಲವೇ ಶೂಲ, ಒಂದೆಕರೆ ಮಾರಿಬಿಡು’ ಅನ್ನುತ್ತಾರೆ. ಭಾಮೈದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿದ್ದಾನೆ. ‘ಪೂರ್ತಿ ಸಾಲ ತಗೊಳ್ಳಿ ಭಾವ, ಎಫ್‌ಡಿ ಮುಟ್ಟಬೇಡಿ, ತೆರಿಗೆಯೂ ಉಳಿಯುತ್ತೆ’ ಎನ್ನುತ್ತಾನೆ. ಹೆಂಡತಿಗೆ, ಮಗಳ ಹೆಸರಲ್ಲಿ ಸಾಲ ಮಾಡಿದರೆ ನಾಳೆ ಮದುವೆ ಮಾತು ಬಂದಾಗ ತೊಂದರೆ ಆದೀತೆಂಬ ಭಯ. ಮಗ ಈಗ ಒಂಬತ್ತನೇ ಕ್ಲಾಸು. ಏನು ಮಾಡಲಿ? ಅಂದಹಾಗೆ ಸಿಇಟಿಯಲ್ಲಿ ತುಮಕೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಸೀಟೂ ಬಂದಿದೆ, ಅಲ್ಲಿ ಫೀ 1.1 ಲಕ್ಷ.

ಉತ್ತರ: ನಿಮ್ಮ ಪತ್ರದ ಮುಖ್ಯ ವಾಕ್ಯವನ್ನು ನೀವು ಕೊನೆಗೆ, ‘ಅಂದಹಾಗೆ’ ಅಂತ ಬರೆದಿದ್ದೀರಿ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದು, ಅದರಲ್ಲಿ ಅರ್ಧ ಆಯಸ್ಸನ್ನು ಸಾಲದ ಮೇಜಿನ ಹಿಂದೆ ಕಳೆದವನು ನಾನು. ಎದುರು ಕುಳಿತವರು ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳುವ ಮಾತೇ ಅಸಲು ವಿಷಯವಾಗಿರುತ್ತಿತ್ತು. ಅದರಿಂದಲೇ ಶುರು ಮಾಡೋಣ.

ಬೆಂಗಳೂರಿನ ಸೀಟಿಗೆ ನಾಲ್ಕು ವರ್ಷಕ್ಕೆ ಫೀ 11 ಲಕ್ಷ, ಹಾಸ್ಟೆಲ್ 4.8 ಲಕ್ಷ, ಲ್ಯಾಪ್‌ಟಾಪು ಅದು ಇದು ಅಂತ 60 ಸಾವಿರ ಇಟ್ಟುಕೊಳ್ಳಿ: 16.4 ಲಕ್ಷ. ತುಮಕೂರಿನ ಸೀಟಿಗೆ ಫೀ 4.4 ಲಕ್ಷ. ತಿಪಟೂರಿನಿಂದ ತುಮಕೂರಿಗೆ ರೈಲಿನ ಪಾಸು ಮಾಡಿಸಿಕೊಂಡು ಓಡಾಡುವ ಮಕ್ಕಳು ಎಷ್ಟೋ ಇದ್ದಾರೆ, ಅದು ನಿಮಗೇ ಗೊತ್ತು. ಓಡಾಟ, ಪುಸ್ತಕ, ಲ್ಯಾಪ್‌ಟಾಪು ಸೇರಿಸಿದರೂ 6 ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಲ್ಲಿಗೆ ಸಾಲದ ಮಾತೇ ಇಲ್ಲ. ತೋಟದ ಆದಾಯ ಮತ್ತು ಎಫ್‌ಡಿಯ ಒಂದು ತುಂಡು ಸಾಕು. ಹಾಗಾಗಿ ನಿಮ್ಮ ಮುಂದಿರುವುದು ‘ಸಾಲವೋ ತೋಟವೋ’ ಎನ್ನುವುದಕ್ಕಿಂತ ಮೊದಲು, ಹತ್ತು ಲಕ್ಷ ಹೆಚ್ಚು ಕೊಟ್ಟು ಬೆಂಗಳೂರು ಮತ್ತು ಕಂಪ್ಯೂಟರ್ ಸೈನ್ಸ್ ಕೊಳ್ಳಬೇಕೋ ಬೇಡವೋ ಎನ್ನುವ ಪ್ರಶ್ನೆ.

ಇದಕ್ಕೆ ಉತ್ತರ ನಾನು ಹೇಳಲಾರೆ, ಮಗಳನ್ನು ಕೂರಿಸಿಕೊಂಡು ಕೇಳಬೇಕು. ಎಲೆಕ್ಟ್ರಾನಿಕ್ಸ್ ಅಂದರೆ ಅವಳಿಗೆ ಆಸಕ್ತಿಯಿದ್ದರೆ, ಕಂಪ್ಯೂಟರ್ ಸೈನ್ಸ್ ಬೇಕೆಂದಿದ್ದು ಎಲ್ಲರೂ ಅದನ್ನೇ ತಗೊಳ್ತಾರೆ ಅಂತ ಆಗಿದ್ದರೆ, ನನ್ನ ಮತ ತುಮಕೂರಿಗೆ. ಇಲ್ಲ, ಪಿಯುಸಿಯಿಂದಲೇ ಕೋಡಿಂಗ್ ಹುಚ್ಚು ಹತ್ತಿಸಿಕೊಂಡಿದ್ದಾಳೆ ಅಂದರೆ ಬೆಂಗಳೂರಿನ ಕಾಲೇಜಿಗೆ ಒಮ್ಮೆ ನೀವೇ ಹೋಗಿ ಬನ್ನಿ. ಅಲ್ಲಿ ಗೋಡೆಯ ಮೇಲೆ ಅಂಟಿಸಿರುವ ‘ವರ್ಷಕ್ಕೆ ಇಷ್ಟು ಲಕ್ಷದ ಪ್ಯಾಕೇಜ್’ ಫೋಟೋ ನೋಡಿ ಬರಬೇಡಿ. ಆ ಫೋಟೋ ಒಬ್ಬ ಹುಡುಗನದ್ದು. ಕಳೆದ ವರ್ಷ ಈ ಬ್ರಾಂಚಿನಲ್ಲಿ ಎಷ್ಟು ಮಕ್ಕಳು ಪಾಸಾದರು, ಅದರಲ್ಲಿ ಎಷ್ಟು ಜನಕ್ಕೆ ಕ್ಯಾಂಪಸ್‌ನಲ್ಲೇ ಕೆಲಸ ಸಿಕ್ಕಿತು, ಸಾಲಿನಲ್ಲಿ ನಟ್ಟನಡುವೆ ನಿಂತ ಹುಡುಗಿಗೆ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ, ಈ ಮೂರು ಕೇಳಿ. ಕಚೇರಿಯವರು ತಡವರಿಸಿದರೆ ಕೊನೇ ವರ್ಷದ ಇಬ್ಬರು ಮಕ್ಕಳನ್ನು ಕ್ಯಾಂಟೀನಿನಲ್ಲಿ ಹಿಡಿಯಿರಿ, ಕಾಫಿ ಕುಡಿಯುತ್ತಾ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾರೆ.

ಈಗ ಬೆಂಗಳೂರೇ ಎಂದು ತೀರ್ಮಾನವಾಯಿತು ಅಂದುಕೊಳ್ಳೋಣ. ನಿಮ್ಮ ತಂದೆಯವರ ಮಾತಿಗೆ ಮೊದಲು ಬರುತ್ತೇನೆ, ಏಕೆಂದರೆ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಸಾಲದ ಭಯ ಒಳ್ಳೆಯದೇ. ಆದರೆ ಎಕರೆ ಮಾರಿದರೆ ಅದು ಮರಳಿ ಬರುವುದಿಲ್ಲ. ಒಂದೆಕರೆ ಹೋದರೆ ತೋಟದ ಆದಾಯದಲ್ಲಿ ಅರ್ಧ, ಅಂದರೆ ವರ್ಷಕ್ಕೆ 60 ಸಾವಿರ ಹೋಯಿತು. ಮಗಳ ಓದು ಮುಗಿದ ಮೇಲೂ ಹೋಯಿತು, ನೀವು ನಿವೃತ್ತರಾಗಿ ಆ 60 ಸಾವಿರವೇ ಬೇಕಾದಾಗಲೂ ಹೋಯಿತು. ಇನ್ನೊಂದು: ಜುಲೈನಲ್ಲಿ ಫೀ ಕಟ್ಟಬೇಕಾದವನು ತೋಟ ಮಾರಲು ಹೊರಟಿದ್ದಾನೆ ಅಂತ ಊರಲ್ಲಿ ಸುದ್ದಿಯಾದರೆ ಕೊಳ್ಳುವವನು ಎಷ್ಟಕ್ಕೆ ಕೇಳುತ್ತಾನೆ ಅನ್ನುವುದನ್ನು ನಾನು ಹೇಳಬೇಕಿಲ್ಲ. ಓದಿಗೆ ಅಂತ ಸಾಲ ಸಿಗುತ್ತದೆ, ಮುಪ್ಪಿಗೆ ಅಂತ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ತೋಟ ನಿಮ್ಮ ಮುಪ್ಪಿನ ಪಿಂಚಣಿ, ಅದನ್ನು ಮುಟ್ಟಬೇಡಿ.

ಭಾಮೈದನ ಮಾತಿನಲ್ಲೂ ಅರ್ಧ ಸರಿ. ಆದರೆ ಅವನು ಹೇಳಿದ ತೆರಿಗೆಯ ಕಾರಣ ನಿಮಗೆ ಹೊಂದುವುದೇ ಇಲ್ಲ. ಶಿಕ್ಷಣ ಸಾಲದ ಬಡ್ಡಿಗೆ 80ಇ ಅಂತ ಎಲ್ಲರಿಗೂ ಪರಿಚಯವಿರುವ ವಿನಾಯಿತಿ ಇರುವುದು ನಿಜ: ಕಟ್ಟಿದ ಬಡ್ಡಿಗೆ ಮಿತಿಯಿಲ್ಲ, ಎಂಟು ವರ್ಷ ಸಿಗುತ್ತದೆ, ಅಸಲಿಗೆ ಸಿಗುವುದಿಲ್ಲ. ಆದರೆ ಅದು ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ, ಮತ್ತು 2025ರ ಬಜೆಟ್ಟಿನ ನಂತರ ಅಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೂ ಇಲ್ಲ. ನೀವಿಬ್ಬರೂ ಈಗ ಕಟ್ಟುತ್ತಿರುವ ತೆರಿಗೆ ಸೊನ್ನೆ. ಸೊನ್ನೆಯಲ್ಲಿ ಉಳಿಸುವುದು ಏನನ್ನು? ದೊಡ್ಡ ಸಂಬಳದವರ ಸಲಹೆಯನ್ನು ಸಣ್ಣ ಸಂಬಳದವರು ಹಾಗೇ ಎತ್ತಿಕೊಂಡರೆ ಹೀಗಾಗುತ್ತದೆ.

ಎರಡನೆಯದು, ‘ಎಫ್‌ಡಿ ಮುಟ್ಟಬೇಡಿ’ ಎನ್ನುವುದು. ನಿಮ್ಮ ಎಫ್‌ಡಿಗೆ ಬರುವ ಬಡ್ಡಿ ಶೇ. 6.5ರಿಂದ 7 ಇದ್ದೀತು. ಶಿಕ್ಷಣ ಸಾಲದ ಬಡ್ಡಿ ಶೇ. 9.5 ಅಂತ ಲೆಕ್ಕಕ್ಕೆ ಹಿಡಿಯಿರಿ. ಬ್ಯಾಂಕು, ಕಾಲೇಜು ನೋಡಿ ಸ್ವಲ್ಪ ಆಚೀಚೆ ಆಗುತ್ತದೆ, ಹಲವು ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಅರ್ಧ ಶೇಕಡಾ ಕಡಿಮೆ ಮಾಡುವುದೂ ಉಂಟು. 7ಕ್ಕೆ ಕೊಟ್ಟು 9.5ಕ್ಕೆ ತರುವ ವ್ಯಾಪಾರವನ್ನು ನಿಮ್ಮೂರಿನ ಕೊಬ್ಬರಿ ಮಂಡಿಯಲ್ಲಿ ಯಾರಾದರೂ ಮಾಡುತ್ತಾರೆಯೇ? ಹಾಗೆಂದು ಎಫ್‌ಡಿ ಪೂರ್ತಿ ಸುರಿದುಬಿಡುವುದೂ ತಪ್ಪು. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಆಗ ಸಿಗುವ ಸಾಲ ಶೇ. 9.5ರದ್ದಾಗಿರುವುದಿಲ್ಲ.

ಅದಕ್ಕೇ ನಾನು ಹೇಳುವುದು ಅರ್ಧ ಸಾಲ, ಅರ್ಧ ಕೈಯಿಂದ. ಸಾಲ ಮಾಡಿ, ಆದರೆ 7.5 ಲಕ್ಷ ದಾಟಬೇಡಿ.

7.5 ಯಾಕೆ ಅಂದರೆ ಬ್ಯಾಂಕಿನ ನಿಯಮದಲ್ಲಿ ಅದೊಂದು ಹೊಸ್ತಿಲು. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ ಅಲ್ಲಿಯವರೆಗೆ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 2015ರಿಂದ ಕೇಂದ್ರ ಸರ್ಕಾರದ ಖಾತರಿ ನಿಧಿಯೊಂದು ಈ ಸಾಲಗಳ ಶೇ. 75ರಷ್ಟಕ್ಕೆ ಬ್ಯಾಂಕಿಗೆ ಹೊಣೆ ನಿಲ್ಲುತ್ತದೆ. ಆದ್ದರಿಂದ ಆ ಖಾತರಿಯಡಿ ಕೊಡುವ ಸಾಲಕ್ಕೆ ಅಡಮಾನವನ್ನಾಗಲಿ ಮೂರನೆಯವರ ಜಾಮೀನನ್ನಾಗಲಿ ಕೇಳುವಂತಿಲ್ಲ. 7.5 ದಾಟಿತೋ, ಸಾಮಾನ್ಯವಾಗಿ ಆಸ್ತಿ ಬರೆದುಕೊಡಿ ಎನ್ನುತ್ತಾರೆ. ಆಗ ನಿಮ್ಮ ತೋಟ ಕೆಲಸಕ್ಕೂ ಬರುವುದಿಲ್ಲ. ಸಾಲ ಸುಸ್ತಿಯಾದಾಗ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ; ಹಾಗಾಗಿ ಮ್ಯಾನೇಜರು ಮನೆಯೋ ಸೈಟೋ ಇದೆಯಾ ಅಂತಲೇ ಕೇಳುತ್ತಾರೆ. 7.5ರೊಳಗೇ ಕೇಳಿದರೂ ‘ಸುಮ್ಮನೆ ಪಹಣಿ ಕೊಟ್ಟಿರಿ’ ಅಂದರೆ, ಯಾವ ನಿಯಮದ ಪ್ರಕಾರ ಎಂದು ಮೆತ್ತಗೆ ಕೇಳಿ. ಪಹಣಿಯ ಋಣದ ಕಾಲಂನಲ್ಲಿ ಒಮ್ಮೆ ಬ್ಯಾಂಕಿನ ಹೆಸರು ಕೂತರೆ ಸಾಲ ತೀರಿದ ಮೇಲೂ ಅದನ್ನು ಅಳಿಸಲು ಎಷ್ಟು ಸಲ ಕಚೇರಿಗೆ ಅಲೆಯಬೇಕು ಅನ್ನುವುದು ಸಹಕಾರ ಸಂಘದಲ್ಲಿರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ 16.4 ಲಕ್ಷವನ್ನು ಹಂಚೋಣ. ಸಾಲ 7.5. ತೋಟದ ಆದಾಯ ನಾಲ್ಕು ವರ್ಷಕ್ಕೆ 4.8. ಎಫ್‌ಡಿಯಿಂದ 4.1. ಎಫ್‌ಡಿಯಲ್ಲಿ 2.9 ಲಕ್ಷ ಮುಟ್ಟದೆ ಉಳಿಯಿತು. ತೆಂಗಿಗೆ ರೋಗ ಬಿದ್ದ ವರ್ಷಕ್ಕೆ, ಇಲ್ಲವೇ ಕಾಲೇಜಿನವರು ‘ಇತರೆ ಶುಲ್ಕ’ ಅಂತ ಹೊಸ ಚೀಟಿ ಕೊಟ್ಟಾಗ ಅದು ಇರಲಿ. ತಿಂಗಳ ಎಂಟು ಸಾವಿರದ ಉಳಿತಾಯವನ್ನು ನಾನು ಬೇಕೆಂದೇ ಈ ಲೆಕ್ಕಕ್ಕೆ ತಂದಿಲ್ಲ. ಅದಕ್ಕೆ ಬೇರೆ ಕೆಲಸವಿದೆ.

ಇಲ್ಲೊಂದು ಸೂಕ್ಷ್ಮ. ಸಾಲ ಮಂಜೂರಾಗುವುದೇ ಬೇರೆ, ಎತ್ತುವುದೇ ಬೇರೆ. ಎಷ್ಟೋ ಜನ 7.5 ಲಕ್ಷ ಮಂಜೂರಾದರೆ ಮೊದಲ ದಿನದಿಂದ ಅಷ್ಟಕ್ಕೂ ಬಡ್ಡಿ ಅಂದುಕೊಂಡು ಹೆದರುತ್ತಾರೆ. ಹಾಗಲ್ಲ, ಬ್ಯಾಂಕು ವರ್ಷವರ್ಷ ಕಾಲೇಜಿನ ಖಾತೆಗೆ ಕಟ್ಟುತ್ತಾ ಹೋಗುತ್ತದೆ, ಕಟ್ಟಿದಷ್ಟಕ್ಕೆ ಮಾತ್ರ ಬಡ್ಡಿ ಓಡುತ್ತದೆ. ಮೊದಲ ವರ್ಷ ಎತ್ತಿದ ರೂಪಾಯಿ ಐದು ವರ್ಷ ಬಡ್ಡಿ ತಿನ್ನುತ್ತದೆ, ನಾಲ್ಕನೇ ವರ್ಷದ ರೂಪಾಯಿ ಎರಡೇ ವರ್ಷ. ಆದ್ದರಿಂದ ಮೊದಲ ವರ್ಷಕ್ಕೆ ಹೆಚ್ಚು ಕೈಯಿಂದ ಹಾಕಿ, ಸಾಲದಿಂದ 75 ಸಾವಿರ ಮಾತ್ರ ತೆಗೆಯಿರಿ. ಎರಡು, ಮೂರು, ನಾಲ್ಕನೇ ವರ್ಷ ತಲಾ 2.25 ಲಕ್ಷ. ಮೊದಲ ವರ್ಷ ಪೂರ್ತಿ ಬಿಟ್ಟುಬಿಡಬಾರದೇ ಅಂತ ಕೇಳಬಹುದು. ಬಿಡಬೇಡಿ. ಮಂಜೂರಾದ ಸಾಲವನ್ನು ತಿಂಗಳುಗಟ್ಟಲೆ ಮುಟ್ಟದಿದ್ದರೆ ಮಂಜೂರಾತಿ ರದ್ದಾಗಿ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಾದೀತು. ನಡುವೆ ಮಗಳಿಗೆ ಒಂದು ವಿಷಯದಲ್ಲಿ ಬ್ಯಾಕ್‌ಲಾಗ್ ಉಳಿದರೆ ಹೊಸ ಅರ್ಜಿ ಇನ್ನೂ ಕಷ್ಟ.

ಓದುವಾಗ, ಅದಾದ ಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆ ಐದು ವರ್ಷ ಓಡುವುದು ಸರಳ ಬಡ್ಡಿ. ಮೇಲಿನಂತೆ ಎತ್ತಿದರೆ ಒಟ್ಟು 2.28 ಲಕ್ಷ. ಸುಮ್ಮನೆ ಬಿಟ್ಟರೆ ಐದನೇ ವರ್ಷದ ಕೊನೆಗೆ ಅದು ಅಸಲಿಗೆ ಸೇರಿಕೊಂಡು ಸಾಲ 9.78 ಲಕ್ಷವಾಗುತ್ತದೆ, ಆಮೇಲೆ ಬಡ್ಡಿಗೂ ಬಡ್ಡಿ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 12,650 ರೂಪಾಯಿ. ನಿಮ್ಮ ಎಂಟು ಸಾವಿರ ಕೆಲಸಕ್ಕೆ ಬರುವುದು ಈಗ. ಓಡುತ್ತಿರುವ ಬಡ್ಡಿಯನ್ನು ಆಯಾ ತಿಂಗಳೇ ಕಟ್ಟುತ್ತಾ ಬನ್ನಿ. ಮೊದಲ ವರ್ಷ ತಿಂಗಳಿಗೆ 600 ರೂಪಾಯಿಯೂ ಇಲ್ಲ. ಎರಡನೇ ವರ್ಷ 2,375. ಮೂರನೇ ವರ್ಷ 4,150ರ ಹತ್ತಿರ. ಕೊನೆಯ ಎರಡು ವರ್ಷ 6,000ದೊಳಗೆ. ಹೀಗೆ ಮಾಡಿದರೆ ಕಂತು ಶುರುವಾಗುವಾಗ ಸಾಲ 7.5ರಲ್ಲೇ ನಿಂತಿರುತ್ತದೆ, ಅದೇ ಹತ್ತು ವರ್ಷಕ್ಕೆ ಕಂತು 9,700. ಈಗ ಕಟ್ಟಿದ 2.28 ಲಕ್ಷ ಮುಂದೆ ಸುಮಾರು 3.5 ಲಕ್ಷ ಉಳಿಸಿಕೊಟ್ಟಿತು. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದವರಿಗೆ ಬಡ್ಡಿದರದಲ್ಲಿ ಶೇ. 1ರವರೆಗೆ ರಿಯಾಯಿತಿ ಕೊಡಲು ಮಾದರಿ ಯೋಜನೆಯಲ್ಲೇ ಅವಕಾಶವಿದೆ. ಮಂಜೂರಾತಿ ಪತ್ರದಲ್ಲಿ ಆ ಸಾಲು ಇದೆಯಾ ನೋಡಿ; ಇಲ್ಲದಿದ್ದರೆ ಸಹಿ ಹಾಕುವ ಮೊದಲೇ ಕೇಳಿ ಬರೆಸಿಕೊಳ್ಳಿ.

ಅವಧಿ 15 ವರ್ಷದವರೆಗೂ ಸಿಗುತ್ತದೆ. ಕಂತು ಸಣ್ಣದಾಗುತ್ತದೆ ಅಂತ ಎಲ್ಲರೂ ಅದನ್ನೇ ಆರಿಸುತ್ತಾರೆ. ಬಡ್ಡಿ ಕಟ್ಟದೆ ಬಿಟ್ಟ 9.78 ಲಕ್ಷವನ್ನು 15 ವರ್ಷಕ್ಕೆ ಎಳೆದರೆ ಕೊನೆಗೆ ಕಟ್ಟಿದ್ದು 18 ಲಕ್ಷ ದಾಟುತ್ತದೆ. ನನ್ನ ಸಲಹೆ: ಕಾಗದದ ಮೇಲೆ ಉದ್ದ ಅವಧಿಯೇ ಇರಲಿ, ಕಷ್ಟಕಾಲಕ್ಕೆ ಕಂತು ಹಗುರವಾಗಿರುತ್ತದೆ. ಮಗಳಿಗೆ ಕೆಲಸ ಸಿಕ್ಕಿದ ಮೇಲೆ ಕಂತಿಗಿಂತ ಹೆಚ್ಚು ಕಟ್ಟಿ. ಬದಲಾಗುವ ಬಡ್ಡಿದರದ ಇಂಥ ವೈಯಕ್ತಿಕ ಸಾಲವನ್ನು ಮುಂಚೆಯೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕು 2014ರಲ್ಲೇ ಅದನ್ನು ನಿಲ್ಲಿಸಿದೆ. 7.5 ಲಕ್ಷಕ್ಕೆ ತಿಂಗಳಿಗೆ 15 ಸಾವಿರದಂತೆ ಹಾಕಿದರೆ 64 ತಿಂಗಳಲ್ಲಿ ಮುಗಿಯುತ್ತದೆ. ಕಂತು ಶುರುವಾಗುವಾಗ ನಿಮಗೆ 56. ಅಂದರೆ ನಿಮ್ಮ ನಿವೃತ್ತಿಯ ಆಸುಪಾಸಿಗೆ ಸಾಲವೂ ನಿವೃತ್ತಿ. ಹತ್ತು ವರ್ಷ ಎಳೆದಿದ್ದರೆ 66ನೇ ವಯಸ್ಸಿಗೂ ಸಹ-ಸಾಲಗಾರನಾಗಿ ನಿಮ್ಮ ಹೆಸರು ಅಲ್ಲೇ ಇರುತ್ತಿತ್ತು.

ಸರ್ಕಾರದಿಂದ ಏನು ಸಿಕ್ಕೀತು? ಕುಟುಂಬದ ಆದಾಯ 4.5 ಲಕ್ಷದೊಳಗಿದ್ದವರಿಗೆ ಓದಿನ ಅವಧಿಯ ಬಡ್ಡಿಯನ್ನು ಪೂರ್ತಿ ಕೇಂದ್ರವೇ ಭರಿಸುವ ಯೋಜನೆ 2009ರಿಂದ ಇದೆ. ನಮ್ಮ ಕೆನರಾ ಬ್ಯಾಂಕೇ ಅದರ ಉಸ್ತುವಾರಿ ನೋಡುವ ನೋಡಲ್ ಬ್ಯಾಂಕು. ನಿಮ್ಮದು ತೋಟ ಸೇರಿ 7.4, ಆ ಗೆರೆ ದಾಟಿದೆ. ಆದರೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಗೆರೆ 8 ಲಕ್ಷ. 10 ಲಕ್ಷದವರೆಗಿನ ಸಾಲಕ್ಕೆ ಓದುವಾಗ ಮತ್ತು ಅದರ ನಂತರದ ಒಂದು ವರ್ಷ ಶೇ. 3ರಷ್ಟು ಬಡ್ಡಿಯನ್ನು ಸರ್ಕಾರ ಕೊಡುತ್ತದೆ. ನಮ್ಮ ಲೆಕ್ಕಕ್ಕೆ ಅದು 72 ಸಾವಿರ ರೂಪಾಯಿ. ಪಟ್ಟಿಯಲ್ಲಿರುವ ಕಾಲೇಜಾದರೆ ಈ ಯೋಜನೆಯಡಿ ಅಡಮಾನವೂ ಬೇಡ, ಜಾಮೀನೂ ಬೇಡ.

ಷರತ್ತುಗಳು ಇಲ್ಲದಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ನೋಡಿ ಮಾಡಿದ ಕಾಲೇಜುಗಳ ಪಟ್ಟಿ ಅದು, ಆರಂಭದಲ್ಲಿ ದೇಶಕ್ಕೆಲ್ಲ ಸೇರಿ 860. ಮಗಳ ಕಾಲೇಜಿನ ಹೆಸರು ಅಕ್ಷರಶಃ ಅದರಲ್ಲಿ ಇರಬೇಕು. ಅದೇ ಟ್ರಸ್ಟಿನ ಇನ್ನೊಂದು ಕಾಲೇಜು ಇದೆ ಅಂದರೆ ಆಗದು. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದು ಇಲ್ಲ; ಪ್ರವೇಶ ಪರೀಕ್ಷೆಯ ರ‍್ಯಾಂಕಿನಿಂದ ಬಂದ ಸೀಟು ಅಂತ ತೋರಿಸುವ ಹಂಚಿಕೆ ಪತ್ರವನ್ನು ಜೋಪಾನ ಮಾಡಿ. ವರ್ಷಕ್ಕೆ ಒಂದು ಲಕ್ಷ ಹೊಸ ವಿದ್ಯಾರ್ಥಿಗಳಿಗೆ ಮಾತ್ರ ಈ ಬಡ್ಡಿ ನೆರವು, ಸರ್ಕಾರಿ ಸಂಸ್ಥೆಗಳಲ್ಲಿ ಓದುವವರಿಗೆ ಆದ್ಯತೆ. ಆದ್ದರಿಂದ ಬಂದರೆ ಬಂತು ಅಂತಿಟ್ಟುಕೊಳ್ಳಿ, ಲೆಕ್ಕದಲ್ಲಿ ಮೊದಲೇ ಹಿಡಿಯಬೇಡಿ.

ಇನ್ನೊಂದು ಷರತ್ತಿನಲ್ಲಿ ಜನ ಎಡವುತ್ತಾರೆ. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೆ ಈ ಶೇ. 3 ಸಿಗದು. ನಿಮಗೆ ತೋಟವಿದೆ, ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರಾಜ್ಯದ ರೈತ ವಿದ್ಯಾನಿಧಿಯ ನೆನಪು ನಿಮಗೆ ಬರಬಹುದು. ಬಿಇ ಓದುವ ಹುಡುಗಿಗೆ ಅದರಲ್ಲಿ ವರ್ಷಕ್ಕೆ 11 ಸಾವಿರ ನಿಗದಿಯಾಗಿತ್ತು. ಕಣ್ಣಿಗೆ ಬಿದ್ದ ವಿದ್ಯಾರ್ಥಿವೇತನಕ್ಕೆಲ್ಲ ಅರ್ಜಿ ತುಂಬುವ ಮೊದಲು ತೂಗಿ ನೋಡಿ. ಸಾಲ ಪೂರ್ತಿ ಎತ್ತಿದ ಮೇಲೆ ಶೇ. 3 ಅಂದರೆ ವರ್ಷಕ್ಕೆ 22,500. ಕಾಲೇಜು ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಧಾರಾಳವಾಗಿ ಎಲ್ಲಕ್ಕೂ ಅರ್ಜಿ ಹಾಕಿ. ಹಿಂದುಳಿದ ವರ್ಗಗಳ ದೇವರಾಜ ಅರಸು ನಿಗಮದ ‘ಅರಿವು’ ಸಾಲ ಶೇ. 2ರ ಬಡ್ಡಿಗೆ ಸಿಗುತ್ತದೆ, ಅದಕ್ಕಿಂತ ಅಗ್ಗದ ಶಿಕ್ಷಣ ಸಾಲ ಸಿಗುವುದು ಕಷ್ಟ. ನಿಮ್ಮ ಆದಾಯಕ್ಕೆ ಅದು ದಕ್ಕದು. ಇದನ್ನು ಓದುತ್ತಿರುವ ಬೇರೆಯವರು, ಸಿಇಟಿ ಸೀಟು ಮತ್ತು ಕಡಿಮೆ ಆದಾಯ ಇದ್ದವರು, ಮೊದಲು ಅಲ್ಲಿ ವಿಚಾರಿಸಲಿ.

ಅಡಮಾನ ಇಲ್ಲದೆ ಪೂರ್ತಿ 16 ಲಕ್ಷ ಕೊಡುತ್ತೇವೆ ಅಂತ ಫೋನು ಮಾಡುವ ಖಾಸಗಿ ಫೈನಾನ್ಸ್ ಕಂಪನಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಡ್ಡಿ ಸಾಮಾನ್ಯವಾಗಿ ಸರ್ಕಾರಿ ಬ್ಯಾಂಕಿಗಿಂತ ಹೆಚ್ಚು, ಮೇಲೆ ಹೇಳಿದ ಸರ್ಕಾರಿ ಬಡ್ಡಿ ನೆರವು ಅಲ್ಲಿಂದ ಬರುವುದಿಲ್ಲ. ಸಂಘದಲ್ಲಿ ಬೆಳೆ ಸಾಲ ಎತ್ತಿ ಫೀ ಕಟ್ಟುವ ಯೋಚನೆಯೂ ನಿಮಗೆ ಬಂದಿರಬಹುದು, ಸೊನ್ನೆ ಬಡ್ಡಿ ಅಂತ. ಅದು ವರ್ಷದೊಳಗೆ ತೀರಿಸಬೇಕಾದ ದುಡ್ಡು, ನಾಲ್ಕು ವರ್ಷದ ಓದಿಗೆ ಅಲ್ಲ.

ಕಾಗದಪತ್ರದ ವಿಷಯದಲ್ಲಿ ಒಂದು ಘಟನೆ ಹೇಳಬೇಕು. ಹಿಂದೊಮ್ಮೆ ಒಬ್ಬರು ತಂದೆ ಕಾಲೇಜಿನ ಫೀ ವಿವರ ತಂದುಕೊಟ್ಟರು. ನೋಟ್‌ಬುಕ್ಕಿನ ಹಾಳೆ, ನೀಲಿ ಪೆನ್ನಿನಲ್ಲಿ ಯಾರೋ ಗುಮಾಸ್ತರು ಬರೆದ ನಾಲ್ಕು ಸಾಲು, ಸೀಲೂ ಇಲ್ಲ, ಸಹಿಯೂ ಇಲ್ಲ. ಅದೂ ಮೊದಲ ವರ್ಷದ್ದು ಮಾತ್ರ. ಸರಿಯಾದ್ದು ತರಲು ಅವರು ಎರಡು ಸಲ ಬಸ್ ಹತ್ತಿದರು, ಹದಿನೈದು ದಿನ ಹೋಯಿತು. ಅಷ್ಟರಲ್ಲಿ ಅವರ ಹಳೇ ಸಾಲಗಳ ಚರಿತ್ರೆ ಹೇಳುವ ಸಿಬಿಲ್ ವರದಿ ಬಂತು: ಎಂದೋ ಮರೆತ ಕ್ರೆಡಿಟ್ ಕಾರ್ಡಿನ ನಾಲ್ಕು ಸಾವಿರ ಚಿಲ್ಲರೆ ಬಾಕಿ. ಕಟ್ಟಿದರು, ಆದರೆ ಅದು ದಾಖಲೆಯಲ್ಲಿ ಸರಿಯಾಗಲು ಇನ್ನೂ ದಿನ ಹಿಡಿಯಿತು. ಮಗ ಕ್ಲಾಸಿನಲ್ಲಿ, ಅಪ್ಪ ನಮ್ಮ ಬೆಂಚಿನಲ್ಲಿ. ನೀವು ನಿಮ್ಮ ಮತ್ತು ನಿಮ್ಮ ಹೆಂಡತಿಯ ಸಿಬಿಲ್ ವರದಿ ಈ ವಾರವೇ ತೆಗೆಸಿ. ಯಾರದೋ ಬೈಕ್ ಸಾಲಕ್ಕೆ ಜಾಮೀನು ನಿಂತದ್ದು ನೆನಪಿದ್ದರೆ ಅದೂ ಅದರಲ್ಲಿ ಸಿಗುತ್ತದೆ. ಕಾಲೇಜಿನಿಂದ ಲೆಟರ್‌ಹೆಡ್ ಮೇಲೆ, ಸೀಲು ಸಹಿ ಸಮೇತ, ನಾಲ್ಕೂ ವರ್ಷದ ಫೀ ಮತ್ತು ಹಾಸ್ಟೆಲ್ ವಿವರ, ಕಾಲೇಜಿನ ಬ್ಯಾಂಕ್ ಖಾತೆ ನಂಬರು, ಬೋನಫೈಡ್ ಸರ್ಟಿಫಿಕೇಟು ತನ್ನಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸುವಾಗ ತೋಟದ ಆದಾಯವನ್ನೂ ತೋರಿಸಿ. ಮುಚ್ಚಿಟ್ಟು ಆಮೇಲೆ ಸಿಕ್ಕಿಬೀಳುವುದಕ್ಕಿಂತ 7.4 ಅಂತಲೇ ಇರಲಿ, ಹೇಗೂ 8ರೊಳಗೇ ಇದೆ.

ಶಾಖೆಯಲ್ಲಿ ‘ನಿಮ್ಮ ಮನೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂದರೆ ಅದು ಒಪ್ಪುವ ಮಾತಲ್ಲ. ಆ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕು ಬಹಳ ಹಿಂದೆಯೇ ಹೇಳಿದೆ. ಅರ್ಜಿಯನ್ನು ಶಿಕ್ಷಣ ಸಾಲಕ್ಕೆಂದೇ ಇರುವ ಸರ್ಕಾರದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೇ ಹಾಕಿ, ಅರ್ಜಿಯ ನಂಬರು ಇಟ್ಟುಕೊಳ್ಳಿ. ಬಾಯಿಮಾತಿನ ‘ಆಗಲ್ಲ’ಕ್ಕೆ ದಾಖಲೆ ಇರುವುದಿಲ್ಲ, ಪೋರ್ಟಲ್‌ನಲ್ಲಿ ನಿರಾಕರಿಸಿದರೆ ಕಾರಣ ಬರೆಯಬೇಕಾಗುತ್ತದೆ. ಸಾಲದ ಜೊತೆಗೆ ಯಾವುದಾದರೂ ವಿಮಾ ಪಾಲಿಸಿ ಕೈಗಿಟ್ಟರೆ, ಇದು ಕಡ್ಡಾಯವೇ ಅಂತ ಬರಹದಲ್ಲಿ ಕೇಳಿ. ಬರಹದಲ್ಲಿ ಕೇಳಿದ ಕೂಡಲೇ ಎಷ್ಟೋ ಕಡ್ಡಾಯಗಳು ಐಚ್ಛಿಕವಾಗುವುದನ್ನು ಆ ಕಡೆಯ ಕುರ್ಚಿಯಲ್ಲಿ ಕೂತು ನೋಡಿದ್ದೇನೆ.

ಇನ್ನು ಮಗಳ ಮದುವೆಯ ಬಗ್ಗೆ ನಿಮ್ಮ ಮನೆಯವರ ಭಯ. ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಈ ಮಾತನ್ನು ನಾನು ಕೌಂಟರಿನಲ್ಲಿ ಎಷ್ಟೋ ತಾಯಂದಿರಿಂದ ಕೇಳಿದ್ದೇನೆ. ಮಗನಿಗಾಗಿ ಬಂದವರು ಒಬ್ಬರೂ ಇದನ್ನು ಕೇಳಲಿಲ್ಲ ಅನ್ನುವುದನ್ನೂ ಗಮನಿಸಿದ್ದೇನೆ. ಮದುವೆಯಾದ ಮೇಲೆ ಯಾರು ಕಟ್ಟುತ್ತಾರೆ? ಸಾಲ ಮಗಳ ಮತ್ತು ನಿಮ್ಮ ಹೆಸರಿನಲ್ಲಿರುತ್ತದೆ, ಬರುವ ಅಳಿಯನ ಮೇಲೆ ಅದರ ಹೊಣೆ ಬೀಳುವುದಿಲ್ಲ. 23ರಿಂದ 28ರೊಳಗೆ ಅವಳು ದುಡಿದೇ ತೀರಿಸುವ ಸಾಲ ಇದು. ತಿಂಗಳಿಗೆ 15 ಸಾವಿರ ಕಟ್ಟುವ ಹುಡುಗಿ ಅನ್ನುವುದು ಕುಂದು ಅಂತ ಅನ್ನಿಸುವ ಮನೆತನ ಬಂದರೆ, ಆ ಸಂಬಂಧದ ಬಗ್ಗೆ ಯೋಚಿಸಬೇಕಾದವರು ನೀವು. ಕೆಲಸ ಸಿಗುವುದು ತಡವಾದರೆ? ನಿರುದ್ಯೋಗದ ಅವಧಿಗೆ ಕಂತು ಮುಂದೂಡಲು, ಮೊದಲ ವರ್ಷಗಳಲ್ಲಿ ಸಣ್ಣ ಕಂತು ಆಮೇಲೆ ದೊಡ್ಡದು ಅಂತ ಹೊಂದಿಸಲು ಮಾದರಿ ಯೋಜನೆಯಲ್ಲಿ ದಾರಿಯಿದೆ. ಆದರೆ ಕಂತು ತಪ್ಪುವ ಮೊದಲು ಹೋಗಿ ಕೇಳಬೇಕು. 90 ದಿನ ಬಾಕಿ ಉಳಿದು ಖಾತೆ ಎನ್‌ಪಿಎ (ಸುಸ್ತಿ ಸಾಲ) ಆದ ಮೇಲೆ ಮ್ಯಾನೇಜರಿಗೆ ಮನಸ್ಸಿದ್ದರೂ ಕೈ ಕಟ್ಟಿಹೋಗಿರುತ್ತದೆ, ಮಗಳ ಸಿಬಿಲ್ ಜೊತೆ ನಿಮ್ಮದೂ ಕೆಡುತ್ತದೆ.

ಮಗನ ವಿಷಯ. ಅವನು ಪಿಯುಸಿ ಮುಗಿಸುವ ಹೊತ್ತಿಗೆ ಅಕ್ಕ ಕೊನೇ ವರ್ಷದಲ್ಲಿರುತ್ತಾಳೆ. ಎಫ್‌ಡಿಯಲ್ಲಿ ಉಳಿಸಿದ 2.9 ಲಕ್ಷದ ಇನ್ನೊಂದು ಉಪಯೋಗ ಅದು. ಮಗಳಿಗೇ ಪೂರ್ತಿ ಸುರಿದು ಅವನಿಗೆ ‘ನೀನು ಡಿಪ್ಲೊಮಾ ಮಾಡು’ ಅನ್ನುವ ಮನೆಗಳೂ ಇವೆ, ಅದಕ್ಕಿಂತ ಹೆಚ್ಚಾಗಿ ಅದರ ಉಲ್ಟಾ ಮನೆಗಳೂ ಇವೆ.

ಕೊನೆಗೆ ತುರ್ತಿನ ಕೆಲಸ. ಸೀಟು ಉಳಿಸಿಕೊಳ್ಳಲು ಮೊದಲ ವರ್ಷದ ಫೀಯನ್ನು ಈಗಲೇ ಕಟ್ಟಬೇಕು, ಸಾಲ ಅಷ್ಟರೊಳಗೆ ಕೈಗೆ ಬರುವುದಿಲ್ಲ, ಎಫ್‌ಡಿ ಸೆಪ್ಟೆಂಬರ್‌ಗೆ. ಅವಧಿಗೆ ಮೊದಲೇ ಮುರಿದರೆ ಬಡ್ಡಿ ಕತ್ತರಿಸುತ್ತಾರೆ. ಮುರಿಯಬೇಡಿ. ಎಫ್‌ಡಿ ಇರುವ ಶಾಖೆಯಲ್ಲೇ ಅದರ ಮೇಲೆ ಸಾಲ ಕೇಳಿ, ಸಾಮಾನ್ಯವಾಗಿ ಎಫ್‌ಡಿ ಬಡ್ಡಿಗಿಂತ ಶೇ. 1 ಹೆಚ್ಚಿಗೆ ಅದೇ ದಿನ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಎಫ್‌ಡಿ ಬಂದಾಗ ವಜಾ ಮಾಡಿಸಿ. ಮನೆಯವರ ಒಡವೆ ಬೀರುವಿನಲ್ಲೇ ಇರಲಿ. ಕಟ್ಟಿದ ಫೀಯ ರಸೀದಿಯ ಮೂಲ ಪ್ರತಿ ಇಟ್ಟುಕೊಳ್ಳಿ. ನಾವು ಅಂದುಕೊಂಡ ಮೊದಲ ವರ್ಷದ 75 ಸಾವಿರವನ್ನು, ನೀವಾಗಲೇ ಕಟ್ಟಿದ ಫೀಗೆ ಪ್ರತಿಯಾಗಿ ರಸೀದಿ ನೋಡಿ ನಿಮ್ಮ ಖಾತೆಗೆ ಹಾಕುತ್ತೀರಾ ಅಂತ ಅರ್ಜಿ ಕೊಡುವ ದಿನವೇ ಕೇಳಿ. ಕೆಲವು ಬ್ಯಾಂಕಿನವರು ಹಾಕುತ್ತಾರೆ. ಆಗುವುದಿಲ್ಲ ಅಂದರೆ ಆ 75 ಸಾವಿರವನ್ನು ಹಾಸ್ಟೆಲ್ಲಿನ ಎರಡನೇ ಕಂತಿಗೆ ಎತ್ತಿದರಾಯಿತು. ಶಾಖೆಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಮಂಜೂರಾತಿ ಪತ್ರವನ್ನು ಅವಳೇ ಗಟ್ಟಿಯಾಗಿ ಓದಲಿ. ಮೊದಲ ಸಹಿ ಅವಳದೇ.